ಕಾರ್ಡ್ ಬಾಕಿ ಕೋರ್ಟಿಗೆ ಹೋಗಿದೆ, ಈಗೇನು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ತಿಂಗಳಿಗೆ 32,000 ರೂಪಾಯಿ ಸಂಬಳ. 2021ರ ಕೊನೆಗೆ ಹಿಂದಿನ ಕೆಲಸ ಹೋದಾಗ ಕೆಲವು ತಿಂಗಳು ಕ್ರೆಡಿಟ್ ಕಾರ್ಡಿನಲ್ಲೇ ಮನೆ ನಡೆಸಿದೆ. ಬಾಕಿ 86,000 ಆಯಿತು. ಅದರಲ್ಲಿ 18,400 ನಾನು ಮಾಡಿದ ಖರ್ಚೇ ಅಲ್ಲ. 2022ರ ಜನವರಿಯಲ್ಲಿ ಯಾರೋ ನನ್ನ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ ಮಾಡಿದ್ದರು. ಮಾರನೇ ದಿನವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹೇಳಿದ್ದೆ. ಮಿನಿಮಮ್ ಅಷ್ಟೇ ಕಟ್ಟುತ್ತಾ ಬಂದು, 2022ರ ಮೇ ಆದ ಮೇಲೆ ಅದನ್ನೂ ನಿಲ್ಲಿಸಿದೆ. 2025ರ ನವೆಂಬರ್‌ನಲ್ಲಿ ಬ್ಯಾಂಕು 2,41,300 ರೂಪಾಯಿಗೆ ದಾವೆ ಹಾಕಿದೆ. ಸಮನ್ಸ್ ಬಂದು ಮೂರು ವಾರ ಆಯಿತು. ವಸೂಲಿಯವರು 'ತೊಂಬತ್ತು ಸಾವಿರಕ್ಕೆ ಮುಗಿಸೋಣ, ಮೂರು ಚೆಕ್ ಕೊಡಿ' ಅಂತಾರೆ. ನನ್ನ ಗೆಳೆಯ 'ಕೋರ್ಟಿಗೆ ಹೋಗು, ಅವರ ಹತ್ತಿರ ಕಾಗದವೇ ಇರಲ್ಲ, ಮೂರು ವರ್ಷ ಬೇರೆ ದಾಟಿದೆ, ಕೇಸು ಬಿದ್ದುಹೋಗುತ್ತೆ' ಅಂತಾನೆ. ನಮ್ಮ ಭಾವ 'ಕೋರ್ಟು ಅಂದ್ರೆ ಜೈಲು' ಅಂತ ಹೆದರಿಸುತ್ತಾರೆ. ಹೋರಾಡಲಾ, ರಾಜಿ ಆಗಲಾ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಪತ್ರಿಕೆಯ ಕಚೇರಿಯಿಂದ ನಿಮಗೆ ಫೋನ್ ಮಾಡಿಸಿದ್ದೆ. ಅಚ್ಚಾಗಿ ಕೈಗೆ ಬರುವವರೆಗೆ ಕಾಯುವ ವಿಷಯ ಇದಲ್ಲ. ಆಮೇಲೆ ನೀವು ವಕೀಲರನ್ನು ಹಿಡಿದು ವಕಾಲತ್ತು ಹಾಕಿಸಿದಿರಿ, ದಾವೆಯ ಪ್ರತಿ, ಸ್ಟೇಟ್‌ಮೆಂಟು ಎಲ್ಲ ನನಗೂ ಕಳಿಸಿದಿರಿ. ಒಳ್ಳೇದಾಯ್ತು. ಇನ್ನು ಬರೆಯುವುದು ನಿಮಗೂ ಹೌದು, ಸಮನ್ಸನ್ನು ಬೀರುವಿನಲ್ಲಿಟ್ಟು ಯಾರಿಗೂ ಹೇಳದೆ ಕೂತಿರುವ ಉಳಿದವರಿಗೂ ಹೌದು.

ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದು ನಿವೃತ್ತಳಾದವಳು. ಬ್ಯಾಂಕಿನ ಪರ ಸಾಕ್ಷಿ ಹೇಳಲು ಕಟಕಟೆ ಹತ್ತಿದ್ದೇನೆ. ಆ ಕಡೆಯ ಫೈಲಿನಲ್ಲಿ ಏನಿರುತ್ತೆ, ಏನಿರಲ್ಲ ಅಂತ ನೋಡಿದ್ದೇನೆ. ಹೋರಾಟ ಇಲ್ಲವೇ ರಾಜಿ, ಎರಡರಲ್ಲಿ ಒಂದು ಅಂತ ನೀವು ಕೇಳಿದ್ದೀರಿ. ನಾನು ಕೇಳುವುದು ಬೇರೆ. ಆ 2,41,300ರಲ್ಲಿ ನಿಮ್ಮ ತಕರಾರು ಎಷ್ಟು ರೂಪಾಯಿಗೆ? ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಸಿಗುತ್ತದೆ.

ಮೊದಲು ನಿಮ್ಮ ಗೆಳೆಯನ ಮಾತು ನೋಡೋಣ. ಹಣ ವಸೂಲಿಯ ದಾವೆಗೆ 1963ರ ಲಿಮಿಟೇಶನ್ ಕಾಯ್ದೆಯಲ್ಲಿ ಮೂರು ವರ್ಷದ ವಾಯಿದೆ ಇರುವುದು ನಿಜ. ವಾಯಿದೆ ಮೀರಿದ್ದರೆ ನೀವು ಬಾಯಿ ಬಿಡದಿದ್ದರೂ ನ್ಯಾಯಾಲಯವೇ ದಾವೆಯನ್ನು ವಜಾ ಮಾಡಬೇಕು. 2022ರ ಮೇಯಿಂದ 2025ರ ನವೆಂಬರ್, ಮೂರೂವರೆ ವರ್ಷ. ಕೇಳಲು ಚೆನ್ನಾಗಿದೆ. ಆದರೆ ನೀವು ಕಳಿಸಿದ ಕಾಗದಗಳ ಮಧ್ಯೆ ನಿಮ್ಮದೇ ಒಂದು ಇಮೇಲ್ ಇದೆ. 2023ರ ಆಗಸ್ಟ್‌ನದು. 'ನನ್ನ ಬಾಕಿ ಖಂಡಿತ ತೀರಿಸುತ್ತೇನೆ, ಆರು ತಿಂಗಳು ಸಮಯ ಕೊಡಿ' ಅಂತ ಬರೆದಿದ್ದೀರಿ. ವಾಯಿದೆ ಮುಗಿಯುವ ಮೊದಲು ಬರಹದಲ್ಲಿ ಸಾಲ ಒಪ್ಪಿಕೊಂಡರೆ, ಒಪ್ಪಿಕೊಂಡ ದಿನದಿಂದ ಮತ್ತೆ ಮೂರು ವರ್ಷ ಶುರುವಾಗುತ್ತದೆ. ಅದೇ ಕಾಯ್ದೆಯ 18ನೇ ಸೆಕ್ಷನ್. ಇಮೇಲಿನಲ್ಲಿ ಒಪ್ಪಿದರೂ ಒಪ್ಪಿಗೆಯೇ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಅಂದರೆ ಬ್ಯಾಂಕಿಗೆ 2026ರ ಆಗಸ್ಟ್‌ವರೆಗೆ ಸಮಯ ಇತ್ತು, ಅವರು ಅದಕ್ಕೆ ಮೊದಲೇ ಬಂದರು. ವಾಯಿದೆಯ ವಾದವನ್ನು ನಿಮ್ಮ ವಕೀಲರು ಬರೆಯಲಿ, ಬೇಡ ಅನ್ನಲ್ಲ. ಅದನ್ನೇ ನಂಬಿ ಕೂರಬೇಡಿ ಅಷ್ಟೇ.

ಇನ್ನು ಕಾಗದ ಇರಲ್ಲ ಅನ್ನೋ ಮಾತು. ಇದು ಅರ್ಧ ಸತ್ಯ. ಅರ್ಜಿ ಫಾರಂ ಸಿಗುತ್ತೆ. ಸ್ಟೇಟ್‌ಮೆಂಟ್ ಸಿಗುತ್ತೆ. ಅದನ್ನು 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ದೃಢೀಕರಿಸಿ ಹಾಕುತ್ತಾರೆ. ಕಂಪ್ಯೂಟರ್ ಪ್ರಿಂಟಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಅದನ್ನು ಮರೆತು ಬರುವವರಿದ್ದಾರೆ, ಆದರೆ ಆಮೇಲೆ ತಂದು ಕೊಡಲು ಅವಕಾಶ ಕೇಳುತ್ತಾರೆ, ಸಾಮಾನ್ಯವಾಗಿ ಸಿಗುತ್ತೆ ಕೂಡ. ನಿಜವಾಗಿ ಸಿಗದೇ ಇರುವುದು ಬೇರೆ. ಆಯಾ ವರ್ಷ ಜಾರಿಯಲ್ಲಿದ್ದ ಷರತ್ತುಗಳ ಪ್ರತಿ, ಕಸ್ಟಮರ್ ಕೇರ್ ಕರೆಯ ದಾಖಲೆ, ತಕರಾರನ್ನು ಯಾಕೆ ತಳ್ಳಿಹಾಕಿದರು ಅನ್ನೋ ಟಿಪ್ಪಣಿ. ಸಾಕ್ಷಿಗೆ ಬರುವವರು ಬಹಳ ಸಲ ಅಧಿಕಾರ ಪತ್ರ ಹಿಡಿದುಕೊಂಡು ಬಂದ, ಆ ಖಾತೆಯನ್ನು ಅಲ್ಲಿಯವರೆಗೆ ನೋಡಿಯೇ ಇಲ್ಲದ ಹುಡುಗರು. ಪಾಟೀ ಸವಾಲಿನಲ್ಲಿ ಈ ಬಡ್ಡಿ ಹೇಗೆ ಬಂತು ಅಂತ ಕೇಳಿದರೆ ತಡವರಿಸುತ್ತಾರೆ. ಇದರಿಂದ ಮೊತ್ತ ಇಳಿಯಬಹುದು. ಆದರೆ ನೀವೇ ಬಳಸಿದ ಕಾರ್ಡಿನ ಇಡೀ ಸಾಲವೇ ಮಾಯವಾಗುತ್ತೆ ಅಂದುಕೊಳ್ಳುವುದು ಸುಮ್ನೆ ಆಸೆ.

ಇಲ್ಲೇ ಒಂದು ಎಚ್ಚರಿಕೆ. ಕೆಲವರು 'ಕಾರ್ಡೇ ತಗೊಂಡಿಲ್ಲ, ಆ ಸಹಿ ನನ್ನದಲ್ಲ' ಅಂತ ಸಾರಾಸಗಟು ನಿರಾಕರಿಸಿ ಬರೆಸುತ್ತಾರೆ. ನಾನು ಕಟಕಟೆಯಲ್ಲಿದ್ದ ಒಂದು ಕೇಸಿನಲ್ಲಿ ಹಾಗೇ ಆಯ್ತು. ನಮ್ಮ ವಕೀಲರು ಗಲಾಟೆ ಏನೂ ಮಾಡಲಿಲ್ಲ. ಸ್ಟೇಟ್‌ಮೆಂಟಿನ ಒಂದು ಸಾಲಿಗೆ ಬೆರಳಿಟ್ಟು 'ಈ ಶಾಲೆಯಲ್ಲಿ ಓದುತ್ತಿರೋದು ಯಾರ ಮಗಳು?' ಅಂತ ಪ್ರತಿವಾದಿಯನ್ನು ಕೇಳಿದರು. ಫೀಸು ಆ ಕಾರ್ಡಿನಲ್ಲೇ ಹೋಗಿತ್ತು. ಆಮೇಲೆ ಅವರ ನಿಜವಾದ ತಕರಾರುಗಳನ್ನೂ ಯಾರೂ ನಂಬಲಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿಕೆ ಕೊಡುವುದು ಅಪರಾಧ ಬೇರೆ.

ಈಗ ನಿಮ್ಮ ಸ್ಟೇಟ್‌ಮೆಂಟಿಗೆ ಬರೋಣ. ಇದನ್ನು ನಾನು ಪೆನ್ಸಿಲ್ ಹಿಡಿದು ಓದಿದ್ದೇನೆ. ಮೂರು ಜಾಗ ನೋಡಿ.

ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ 42. ಅದರ ಮೇಲೆ ಶೇ. 18 ಜಿಎಸ್‌ಟಿ. ಕಣ್ಣು ಕತ್ತಲೆ ಬರುತ್ತೆ, ಒಪ್ಪಿದೆ. ಆದರೆ 'ಬಡ್ಡಿ ಜಾಸ್ತಿ' ಅನ್ನುವುದೇ ನಿಮ್ಮ ವಾದವಾದರೆ ಸೋಲುತ್ತೀರಿ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಅದನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಸೆಕ್ಷನ್ ಕೂಡ ದರ ಹೆಚ್ಚು ಅನ್ನೋ ಒಂದೇ ಕಾರಣಕ್ಕೆ ಲೆಕ್ಕ ಕೆದಕಬೇಡಿ ಅಂತ ಕೋರ್ಟುಗಳಿಗೆ ಹೇಳುತ್ತದೆ. ದರದ ಜೊತೆ ಜಗಳಕ್ಕೆ ಇಳಿದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಲೆಕ್ಕ ತಪ್ಪಿದ್ದರೆ ಮಾತು ಬೇರೆ. 2022ರ ನವೆಂಬರ್ ಸ್ಟೇಟ್‌ಮೆಂಟ್ ತೆಗೆಯಿರಿ. ತಡವಾದ ಶುಲ್ಕ 950, ಅದಕ್ಕೆ ಜಿಎಸ್‌ಟಿ 171. ಈ 1,121 ರೂಪಾಯಿ ಡಿಸೆಂಬರ್‌ನಲ್ಲಿ ಎಲ್ಲಿಗೆ ಹೋಗಿದೆ ನೋಡಿ. ಬಡ್ಡಿ ಲೆಕ್ಕ ಹಾಕುವ ಬಾಕಿಯೊಳಗೆ ಸೇರಿಕೊಂಡಿದೆ. ಪ್ರತಿ ತಿಂಗಳೂ ಇದೇ ಕತೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನದಲ್ಲಿ, ಕಟ್ಟದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು ಅಂತ ಸ್ಪಷ್ಟವಾಗಿದೆ. ಆ ಮಾತು ಜಾರಿಗೆ ಬಂದದ್ದು 2022ರ ಅಕ್ಟೋಬರ್ 1ಕ್ಕೆ. ನಿಮ್ಮ ಸ್ಟೇಟ್‌ಮೆಂಟುಗಳಲ್ಲಿ ಹೆಚ್ಚಿನವು ಅದರ ನಂತರದವು. ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂತು, ಶುಲ್ಕವನ್ನು ಹೊರಗಿಟ್ಟರೆ ಬಡ್ಡಿ ಎಷ್ಟಾಗುತ್ತಿತ್ತು ಅಂತ ತಿಂಗಳುವಾರು ಪಟ್ಟಿ ಮಾಡಿಸಿ. ಇಂಥ ಪಟ್ಟಿ ಬಂದಾಗ ಬ್ಯಾಂಕಿನ ವಕೀಲರ ಮುಖ ಬದಲಾಗೋದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ಮೂರನೆಯದು ಆ 18,400. ನನ್ನ ಪ್ರಕಾರ ಇದು ನಿಮ್ಮ ಕೈಯಲ್ಲಿರುವ ಗಟ್ಟಿ ತಕರಾರು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಿಮ್ಮದೂ ತಪ್ಪಿಲ್ಲ, ಬ್ಯಾಂಕಿನದೂ ತಪ್ಪಿಲ್ಲ ಅನ್ನುವಂಥ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕ ಒಂದು ಪೈಸೆಯೂ ಕಟ್ಟಬೇಕಿಲ್ಲ. ನೀವು ಮಾರನೇ ದಿನವೇ ತಿಳಿಸಿದ್ದೀರಿ. ಗ್ರಾಹಕನದೇ ಹೊಣೆ ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲಿದೆ. ಆದರೆ ಒಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ ಈ ರಕ್ಷಣೆ ಇಲ್ಲ, ತಿಳಿಸುವವರೆಗಿನ ನಷ್ಟ ನಿಮ್ಮದೇ. ಕೊಟ್ಟಿಲ್ಲ ಅಂತ ಫೋನಿನಲ್ಲಿ ಹೇಳಿದಿರಿ, ನಂಬುತ್ತೇನೆ. ದೂರಿನ ಸಂಖ್ಯೆ ಇರುವ ಎಸ್‌ಎಂಎಸ್ ಹಳೇ ಫೋನಿನಲ್ಲಿದೆ ಅಂದಿರಲ್ಲ, ಆ ಫೋನನ್ನು ಇವತ್ತೇ ಚಾರ್ಜಿಗೆ ಹಾಕಿ. ಮಾರಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಕೋರ್ಟಿಗೆ ಕೊಡುವಾಗ ನಿಮಗೂ ಆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಬೇಕು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ಹಿಂದಿನ 65ಬಿ.

ಇದೇ ದೂರನ್ನು ಬ್ಯಾಂಕು 30 ದಿನದಲ್ಲಿ ಬಗೆಹರಿಸದಿದ್ದಾಗಲೇ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಕೊಟ್ಟಿದ್ದರೆ ಫೀಸಿಲ್ಲದೆ ಕೆಲಸ ಆಗಬಹುದಿತ್ತು. ಅದೇ ವಿಷಯ ಕೋರ್ಟಿನಲ್ಲಿರುವಾಗ ಅವರು ಮುಟ್ಟುವುದಿಲ್ಲ. ನಿಮಗೆ ಆ ಬಾಗಿಲು ಮುಚ್ಚಿತು. ಇನ್ನೂ ಕೇಸಾಗದ ಓದುಗರು ಗಮನಿಸಿ.

ಕೋರ್ಟಿಗೆ ಹೋಗದೇ ಇದ್ದರೆ ಏನಾಗುತ್ತೆ? ಜೈಲಂತೂ ಅಲ್ಲ. ಸಾಲ ತೀರಿಸಲು ಕೈಲಾಗದವನನ್ನು ಸಿವಿಲ್ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣ ಇಟ್ಟುಕೊಂಡು ಬೇಕೆಂದೇ ಕಟ್ಟದವನ ಮಾತು ಬೇರೆ. ಆದರೆ ಏಕಪಕ್ಷೀಯ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ಹಣ ಕೊಡಿ ಅನ್ನೋ ಕೋರ್ಟಿನ ತೀರ್ಮಾನ, ಆಗುತ್ತೆ. ಬ್ಯಾಂಕು ಹೇಳಿದ ಅಂಕಿಯನ್ನು ಪ್ರಶ್ನಿಸುವವರೇ ಇಲ್ಲದಿದ್ದಾಗ 2,41,300 ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತೆ. ಮೇಲೆ ಕೋರ್ಟು ಖರ್ಚು, ಮುಂದಿನ ಬಡ್ಡಿ. ಡಿಕ್ರಿಗೆ 12 ವರ್ಷ ಆಯುಸ್ಸು. ಅಷ್ಟರೊಳಗೆ ಯಾವಾಗ ಬೇಕಾದರೂ ಅಮಲ್ಜಾರಿಗೆ, ಅಂದರೆ ಡಿಕ್ರಿಯ ಹಣ ವಸೂಲಿಗೆ, ಬ್ಯಾಂಕು ಬರಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಬಿಟ್ಟು ಮಿಕ್ಕಿದ್ದನ್ನು ಜಪ್ತಿ ಮಾಡಬಹುದು. 32,000ದ ಮೇಲೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 10,333 ರೂಪಾಯಿ. ಒಂದು ಡಿಕ್ರಿಗೆ ಇದು ಒಟ್ಟು 24 ತಿಂಗಳವರೆಗೆ ನಡೆಯಬಹುದು. ಆದೇಶ ನೇರವಾಗಿ ನಿಮ್ಮ ಕಂಪನಿಗೆ ಹೋಗುತ್ತೆ, ಹೊಸ ಕೆಲಸದಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಪಿಎಫ್ ಮುಟ್ಟುವಂತಿಲ್ಲ.

ಹಾಗಾಗಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಬರಹದ ಉತ್ತರ, ಹಾಕಲೇಬೇಕು. ಸಮನ್ಸ್ ತಲುಪಿದ 30 ದಿನದೊಳಗೆ. ಕಾರಣ ಕೊಟ್ಟು ಕೇಳಿದರೆ 90 ದಿನದವರೆಗೆ ಬಿಡಬಹುದು, ಅದು ನ್ಯಾಯಾಧೀಶರ ಮರ್ಜಿ. (ಸಮನ್ಸಿನಲ್ಲಿ ಆದೇಶ 37 ಅಂತ ಇದ್ದರೆ ಅದು ಸಂಕ್ಷಿಪ್ತ ದಾವೆ, ಹಾಜರಾಗಲು ಬರೀ 10 ದಿನ. ನಿಮ್ಮದು ಸಾಮಾನ್ಯ ದಾವೆ, ನೋಡಿದೆ.) ದಾವೆಯ ಒಂದೊಂದು ಪ್ಯಾರಾಕ್ಕೂ ಬೇರೆ ಬೇರೆ ಉತ್ತರ ಇರಲಿ. ನಿರ್ದಿಷ್ಟವಾಗಿ ಅಲ್ಲಗಳೆಯದ ಮಾತನ್ನು ಒಪ್ಪಿದಂತೆ ಅಂತ ಕಾನೂನು ನೋಡುತ್ತೆ. 'ಎಲ್ಲವೂ ಸುಳ್ಳು' ಅಂತ ಒಂದೇ ಸಾಲು ಬರೆಸಿದರೆ ಏನೂ ಬರೆಯದ ಹಾಗೆ. ಕಾರ್ಡ್ ಬಳಸಿದ್ದು ಹೌದು, 18,400 ನನ್ನದಲ್ಲ, ಶುಲ್ಕದ ಮೇಲಿನ ಬಡ್ಡಿ ನಿಯಮಕ್ಕೆ ವಿರುದ್ಧ, ಲೆಕ್ಕದ ಪಟ್ಟಿ ಇಲ್ಲಿದೆ. ಇಷ್ಟು ಸಾಕು.

ಈಗ ತೂಗಿ ನೋಡೋಣ. 86,000ದಲ್ಲಿ 18,400 ಕಳೆದರೆ 67,600. ಇದಕ್ಕೆ ವರ್ಷಕ್ಕೆ ಶೇ. 9ರಂತೆ ಮೂರೂವರೆ ವರ್ಷ ಹಾಕಿದರೂ 88,900ರ ಹತ್ತಿರ ಬರುತ್ತೆ. ಶೇ. 9 ಅನ್ನೋದು ನಾನು ನಿಮ್ಮ ಪರವಾಗಿ ಹಿಡಿದ ಅಂಕಿ. ದಾವೆ ಹಾಕುವವರೆಗಿನ ಬಡ್ಡಿಯನ್ನು ಕರಾರಿನ ದರದಲ್ಲೇ ಕೋರ್ಟು ಕೊಟ್ಟರೆ ಮೊತ್ತ ಇನ್ನೂ ಮೇಲೆ ಹೋಗುತ್ತೆ. ಅಂದರೆ ವರ್ಷಗಟ್ಟಲೆ ಓಡಾಡಿ, ವಕೀಲರ ಫೀಸು ಕೊಟ್ಟು, ನಿಮ್ಮ ತಕರಾರೆಲ್ಲ ಗೆದ್ದರೂ ಬಂದು ನಿಲ್ಲುವುದು ತೊಂಬತ್ತು ಸಾವಿರದ ಆಸುಪಾಸಿಗೆ! ವಸೂಲಿಯವರ ಅಂಕಿ ನಿಮಗೆ ಅನ್ಯಾಯದ್ದು ಅನಿಸಿರಬಹುದು. ನನಗೆ ಹಾಗನ್ನಿಸಲಿಲ್ಲ.

ಅನ್ಯಾಯ ಇರುವುದು ಆ ಮೂರು ಚೆಕ್ಕಿನಲ್ಲಿ. ನಿಮ್ಮ ಭಾವ ಹೇಳುವ ಜೈಲು ಈ ಸಿವಿಲ್ ದಾವೆಯಲ್ಲಿಲ್ಲ, ಅಲ್ಲಿದೆ. 30,000ದ ಒಂದು ಚೆಕ್ ಬೌನ್ಸಾಗಿ, ನೋಟಿಸು ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡು ಪಟ್ಟು ದಂಡ, ಅಥವಾ ಎರಡೂ. ಆಟೋ ಡೆಬಿಟ್‌ಗೆ ಸಹಿ ಹಾಕಿ ಅದು ತಿರುಗಿ ಬಂದರೂ 2007ರ ಪೇಮೆಂಟ್ ಕಾಯ್ದೆಯಲ್ಲಿ ಹೆಚ್ಚುಕಮ್ಮಿ ಅದೇ ಶಿಕ್ಷೆ. ಸಿವಿಲ್ ಸಾಲವನ್ನು ನಾವೇ ಕ್ರಿಮಿನಲ್ ಮಾಡಿಕೊಳ್ಳೋದು ಅಂದ್ರೆ ಇದೇ.

ನಾನು ನಿಮ್ಮ ಜಾಗದಲ್ಲಿದ್ದರೆ ಲಿಖಿತ ಹೇಳಿಕೆ ಮತ್ತು ಪಟ್ಟಿಯನ್ನು ಮೊದಲು ಹಾಕಿ, ಆಮೇಲೆ ರಾಜಿಗೆ ಕೂರುತ್ತೇನೆ. ಕೈಯಲ್ಲಿ ಆ ಪಟ್ಟಿ ಇದ್ದಾಗ 75,000ದಿಂದ ಮಾತು ಶುರು ಮಾಡಬಹುದು. ಮಾತುಕತೆ ವಕೀಲರ ಮೂಲಕವೇ ಆಗಲಿ, ನೀವು ಮತ್ತೆ ಇಮೇಲ್ ಬರೆಯಬೇಡಿ. ಕೇಸನ್ನು ಲೋಕ ಅದಾಲತ್‌ಗೆ ಕಳಿಸಿ ಅಂತ ಕೇಳಿಕೊಳ್ಳಿ. ಅಲ್ಲಿ ಮುಗಿದರೆ ಬ್ಯಾಂಕು ಕಟ್ಟಿದ ಕೋರ್ಟ್ ಫೀ ಅದಕ್ಕೆ ವಾಪಸ್ ಸಿಗುತ್ತೆ, ಹಾಗಾಗಿ ಅವರಿಗೂ ಮನಸ್ಸಿರುತ್ತೆ. ಆದರೆ ಲೋಕ ಅದಾಲತ್ತಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಸಹಿ ಹಾಕುವ ಮೊದಲು ರಾಜಿ ಪತ್ರದ ಕೊನೆಯ ಪ್ಯಾರಾ ಓದಿ. 'ಒಂದು ಕಂತು ತಪ್ಪಿದರೂ ದಾವೆಯ ಪೂರ್ತಿ ಮೊತ್ತ ಕೊಡತಕ್ಕದ್ದು' ಅನ್ನೋ ಸಾಲು ಅಲ್ಲೇ ಅಡಗಿರುತ್ತೆ. ತೆಗೆಸಲು ಆಗದಿದ್ದರೆ, ಕಂತು ಚಿಕ್ಕದು ಮಾಡಿ ತಿಂಗಳು ಜಾಸ್ತಿ ಕೇಳಿ. ಹಣವನ್ನು ಬ್ಯಾಂಕಿನ ಹೆಸರಿಗೆ ಡಿಡಿ ಮಾಡಿಸಿ ಇಲ್ಲವೇ ಆ ಕಾರ್ಡ್ ಖಾತೆಗೇ ಕಟ್ಟಿ, ಏಜೆಂಟರ ಕೈಗೆ ನಗದು ಬೇಡ. ಕೊನೆಗೆ ಬಾಕಿ ಇಲ್ಲ ಅನ್ನೋ ಪತ್ರ. ಸಿಬಿಲ್ ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುತ್ತೆ. ಮುಂದೆ ಮನೆ ಸಾಲ ಕೇಳಿದಾಗ ಪ್ರಶ್ನೆ ಏಳುತ್ತೆ, ಏಳಲಿ. ಕಟ್ಟದ ಬಾಕಿ ಮತ್ತು ಡಿಕ್ರಿಗಿಂತ ಇದು ವಾಸಿ.

ಪ್ರಶ್ನೆ: ಅಕ್ಕಾ, ಕಾರ್ಡ್ ಬಾಕಿಗೆ ಬೇರೆ ರಾಜ್ಯದ ಯಾರೋ ಆರ್ಬಿಟ್ರೇಟರ್ ಅಂತ ಇಮೇಲ್ ಬಂದಿದೆ. ವಾಟ್ಸ್ಯಾಪಿನಲ್ಲಿ 'ಅರೆಸ್ಟ್ ವಾರಂಟ್' ಅಂತಲೂ ಒಂದು ಬಂದಿದೆ. ಎರಡೂ ಮೋಸ ಇರಬಹುದಾ? ಹೆಂಗಸು ನಾನು, ವಕೀಲರ ಫೀಸಿನ ಚಿಂತೆಯೂ ಇದೆ.

ಉತ್ತರ: ವಾಟ್ಸ್ಯಾಪಿನ ವಾರಂಟ್ ಬರೀ ಬೆದರಿಕೆ. ಕಾರ್ಡ್ ಬಾಕಿಗೆ ಪೊಲೀಸರು ಹಾಗೆ ಬರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಡಿ, ವಸೂಲಿಯವರ ವಿರುದ್ಧ ದೂರಿಗೆ ಬರುತ್ತೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಬಂದ ಕರೆಗಳ ಪಟ್ಟಿಯನ್ನೂ ಸೇರಿಸಿ, ಆ ಹೊತ್ತಿನಲ್ಲಿ ಅವರು ಕರೆ ಮಾಡುವಂತಿಲ್ಲ.

ಆರ್ಬಿಟ್ರೇಟರ್ ಇಮೇಲನ್ನು ಮಾತ್ರ ಹಗುರವಾಗಿ ನೋಡಬೇಡಿ. ಬಹಳಷ್ಟು ಕಾರ್ಡ್ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತು, ಅಂದರೆ ತಕರಾರನ್ನು ಕೋರ್ಟಿನ ಬದಲು ಒಬ್ಬ ಮಧ್ಯಸ್ಥಗಾರ ತೀರ್ಮಾನಿಸಲಿ ಅನ್ನೋ ಮಾತು, ಇರುತ್ತೆ. ಬ್ಯಾಂಕು ತಾನೊಬ್ಬನೇ ಆರ್ಬಿಟ್ರೇಟರ್‌ನನ್ನು ನೇಮಿಸುವುದು ಸರಿಯಲ್ಲ ಅನ್ನಲು ಸುಪ್ರೀಂ ಕೋರ್ಟಿನ 2019ರ ತೀರ್ಪಿನ ಬಲ ನಿಮಗಿದೆ. ಆದರೆ ಆ ಆಕ್ಷೇಪವನ್ನು ಯಾರಾದರೂ ಎತ್ತಬೇಕಲ್ಲ? 'ಈ ನೇಮಕಕ್ಕೆ ನನ್ನ ಒಪ್ಪಿಗೆ ಇಲ್ಲ' ಅಂತ ವಕೀಲರಿಂದ ಉತ್ತರ ಕಳಿಸಿ. ಸುಮ್ಮನಿದ್ದರೆ ತೀರ್ಪು ಆಗಿಹೋಗುತ್ತೆ, ಅದು ಡಿಕ್ರಿಯ ಹಾಗೇ ಜಾರಿಯಾಗುತ್ತೆ. ಅದನ್ನು ಪ್ರಶ್ನಿಸಲು ಸಿಗುವುದು ಮೂರು ತಿಂಗಳು, ಕಾರಣ ಇದ್ದರೆ ಇನ್ನು 30 ದಿನ. ವಕೀಲರ ಫೀಸಿನ ಚಿಂತೆ ಅಂತ ಬರೆದಿದ್ದೀರಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತೆ, ಆ ಇಮೇಲನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡರು. ಅವರ ಕಾರ್ಡಿನ 54,000 ಬಾಕಿಯನ್ನು ನಾನು ಕಟ್ಟಬೇಕು ಅಂತ ಬ್ಯಾಂಕಿನವರು ದಿನಾ ಫೋನ್ ಮಾಡುತ್ತಾರೆ. ಕಟ್ಟಬೇಕಾ?

ಉತ್ತರ: ತಂದೆಯಿಂದ ನಿಮಗೆ ಆಸ್ತಿ, ಹಣ ಏನಾದರೂ ಬಂದಿದ್ದರೆ ಅದರ ಮೌಲ್ಯದಷ್ಟಕ್ಕೆ ಮಾತ್ರ ನೀವು ಹೊಣೆ. ಏನೂ ಬಂದಿಲ್ಲ ಅಂದರೆ ನಿಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಶಾಖೆಗೆ ಪತ್ರ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕಾರ್ಡಿನ ಜೊತೆ ವಿಮೆ ಇತ್ತಾ ಅಂತ ಅದೇ ಪತ್ರದಲ್ಲಿ ಕೇಳಿ. ಎಷ್ಟೇ ಒತ್ತಾಯ ಮಾಡಿದರೂ 'ಬಾಕಿಯನ್ನು ನಾನು ತೀರಿಸುತ್ತೇನೆ' ಅನ್ನೋ ಮಾತನ್ನು ಕಾಗದದಲ್ಲಾಗಲಿ, ಮೆಸೇಜಿನಲ್ಲಾಗಲಿ ಬರೆಯಬೇಡಿ.